ಕೊಲ್ಲಂ ಕಡಲ ತಳದಲ್ಲಿರುವ ಮರಳು

ಮಂಗಳೂರಿನಿಂದ ಸಂಜೆ ಹೊರಟ ರೈಲುಗಾಡಿಯು ಮರುದಿನ ಬೆಳಿಗ್ಗೆ ನಮ್ಮನ್ನು ಕೇರಳದ ಕೊಲ್ಲಂ ಪಟ್ಟಣದಲ್ಲಿ ಇಳಿಸಿತು. “ಗುರುಗಳೇ, ಸಮುದ್ರಕ್ಕೆ ರತ್ನಾಕರನೆಂಬ ಹೆಸರು ಏಕೆಂದು ನೀವು ಪಾಠ ಹೇಳಿದಿರಿ. ಇಲ್ಲಿಯ ರತ್ನವು ಮರಳು, ಒಮ್ಮೆ ಬಂದು ನೋಡಿರಿ” ಎಂದು ಅಲ್ಲಿ ಉದ್ಯೋಗದಲ್ಲಿರುವ ನಮ್ಮ ಹಳೆಯ ಶಿಷ್ಯನು ಬಹುದಿನಗಳಿಂದ ಕರೆಯುತ್ತಿದ್ದನು.

ಸಂಜೆ ತಂಗಶ್ಶೇರಿಯ ದೀಪಸ್ತಂಭದ ಬಳಿ ನಿಂತೆವು. ಎದುರಿಗೆ ನೀಲಜಲರಾಶಿಯ ಹೊರತು ಬೇರೇನೂ ಕಾಣದು. ಆ ನೀರಿನ ತಳವನ್ನು ಶೋಧಿಸಿದವರು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಇಲಾಖೆಯವರು. ಈ ಇಲಾಖೆಯ ಸಮುದ್ರಶಾಖೆಯ ಮುಖ್ಯ ಕಚೇರಿಯು ನಮ್ಮ ಮಂಗಳೂರಿನಲ್ಲಿಯೇ ಇರುವುದೆಂಬುದು ಅನೇಕ ವಾಚಕರಿಗೆ ತಿಳಿದಿರಲಾರದು. ಅವರ ಹಡಗುಗಳ ನಾಮಧೇಯಗಳೂ ಶ್ರವಣಮನೋಹರವಾಗಿವೆ: ಹಿಂದೆ ‘ಸಮುದ್ರ ಮಂಥನ’, ಬಳಿಕ ‘ಸಮುದ್ರ ಕೌಸ್ತುಭ’, ೨೦೧೩ರಲ್ಲಿ ಸೇವೆಗೆ ಬಂದ ‘ಸಮುದ್ರ ರತ್ನಾಕರ’.

ಶೋಧಿಸುವ ಕ್ರಮವನ್ನು ಶಿಷ್ಯನು ವಿವರಿಸಿದನು. ಹಡಗು ನೇಗಿಲ ಸಾಲಿನಂತೆ ಹಿಂದಕ್ಕೂ ಮುಂದಕ್ಕೂ ಚಲಿಸುತ್ತ ನೀರಿನೊಳಕ್ಕೆ ಧ್ವನಿಯನ್ನು ಕಳುಹಿಸುವುದು. ತಳಕ್ಕೆ ತಾಗಿ ಮರಳಿದ ಪ್ರತಿಧ್ವನಿಯ ಕಾಲವನ್ನಳೆದು ಆಳವನ್ನು ತಿಳಿಯುವರು. ತಳದೊಳಕ್ಕೂ ಇಳಿಯುವ ಧ್ವನಿಯಿಂದ ಪದರಗಳನ್ನು ಗುರುತಿಸುವರು. ಅನಂತರ ಕಬ್ಬಿಣದ ಬಾಯಿಯಿಂದ ಮೇಲ್ಮಣ್ಣನ್ನು ಕಚ್ಚಿ ತರುವರು. ಉದ್ದವಾದ ಕೊಳವೆಯನ್ನು ಕಂಪನದಿಂದ ಇಳಿಸಿ ಒಳಪದರಗಳನ್ನು ಹಾಗೆಯೇ ಎತ್ತುವರು. ಅದನ್ನು ಜರಡಿ ಹಿಡಿದು ಕಣಗಳ ಗಾತ್ರವನ್ನು ಪರೀಕ್ಷಿಸುವರು. ಕಡಲ ಮರಳಿನ ಉಪ್ಪು ಕಾಂಕ್ರೀಟಿನೊಳಗಿನ ಕಬ್ಬಿಣವನ್ನು ತಿನ್ನುವುದಾದ್ದರಿಂದ, ಅದನ್ನು ತೊಳೆಯದೆ ಮನೆಗೆ ಬಳಸಲಾಗದು.

ಈ ಮರಳು ಅಲ್ಲಿಗೆ ಬಂದ ಬಗೆಯೇ ಒಂದು ಪುರಾಣದಂತಿದೆ. ಸುಮಾರು ೨೦,೦೦೦ ವರ್ಷಗಳ ಹಿಂದೆ, ಹಿಮಯುಗದಲ್ಲಿ, ಸಮುದ್ರವು ಇಂದಿಗಿಂತ ೧೨೦ ಮೀಟರುಗಳಷ್ಟು ತಗ್ಗಿದ್ದಿತು. ನದಿಗಳು ಅಂದಿನ ದಡದಲ್ಲಿ ಹಾಕಿದ ಮರಳನ್ನು ಏರಿಬಂದ ಕಡಲು ಮುಚ್ಚಿತು. ಕೇರಳದ ಕರಾವಳಿಯಾಚೆ ಇಂಥ ಮರಳು ೭೪.೫ ಕೋಟಿ ಟನ್ನುಗಳಷ್ಟಿದೆಯೆಂದು ಇಲಾಖೆಯು ಅಂದಾಜು ಮಾಡಿದೆ. ೨೦೦೨ರ ಕಾನೂನಿಗೆ ೨೦೨೩ರಲ್ಲಿ ತಿದ್ದುಪಡಿಯಾಗಿ ಹರಾಜಿಗೆ ದಾರಿಯಾಯಿತು. ೨೦೨೪ರ ನವೆಂಬರಿನಲ್ಲಿ ಕೇಂದ್ರ ಸರಕಾರವು ಕೊಲ್ಲಂ ಎದುರಿನ ಮೂರು ಕ್ಷೇತ್ರಗಳನ್ನು ಹರಾಜಿಗಿಟ್ಟಿತು. ಇದನ್ನು ವಿರೋಧಿಸಿ ೨೦೨೫ರ ಫೆಬ್ರವರಿ ೨೭ರಂದು ಕೇರಳದ ಬೆಸ್ತರು ಕಡಲಿಗಿಳಿಯಲಿಲ್ಲ.

ಮರುದಿನ ಅಷ್ಟಮುಡಿ ಸರೋವರವು ಸಮುದ್ರವನ್ನು ಸೇರುವ ನೀಂಡಕರೆಯ ಬಂದರಿಗೆ ಹೋದೆವು. ಬಲೆಯನ್ನು ಹೆಣೆಯುತ್ತಿದ್ದ ವೃದ್ಧನೊಬ್ಬನೊಡನೆ ಶಿಷ್ಯನ ಮೂಲಕ ಮಾತನಾಡಿದೆವು. ತನ್ನ ತಂದೆಯು ಹಗ್ಗಕ್ಕೆ ಸೀಸದ ಗುಂಡನ್ನು ಕಟ್ಟಿ ಇಳಿಸಿ, ಅದಕ್ಕೆ ಅಂಟಿದ ಮಣ್ಣನ್ನು ನೋಡಿಯೇ ಮೀನಿನ ನೆಲೆಯನ್ನು ಹೇಳುತ್ತಿದ್ದನೆಂದು ಅವನು ತಿಳಿಸಿದನು. ಕೊನೆಗೆ, “ಮಾಷೆ, ಹಡಗಿನವರು ಮರಳನ್ನು ಅಳೆದರು. ಅದನ್ನು ತೆಗೆದ ಮೇಲೆ ಕದಡಿದ ನೀರು ಎಷ್ಟು ದಿನಕ್ಕೆ ತಿಳಿಯಾಗುವುದು, ಓಡಿಹೋದ ಮೀನು ಯಾವಾಗ ಬರುವುದು, ಇದನ್ನು ಯಾರು ಅಳೆದು ಹೇಳುವರು?” ಎಂದು ಕೇಳಿದನು. ನಾವು ನಿರುತ್ತರರಾದೆವು.

ಶೋಧನೆಯು ದೋಷವಲ್ಲ, ತಿಳಿಯದೆ ತೆಗೆಯುವುದಕ್ಕಿಂತ ತಿಳಿದು ಬಿಡುವುದೂ ಮೇಲು. ಆದರೆ ಕ್ಷೀರಸಾಗರವನ್ನು ಕಡೆದಾಗ ಅಮೃತಕ್ಕಿಂತ ಮೊದಲು ಹಾಲಾಹಲವು ಬಂದಿತಷ್ಟೆ. ಅಂದು ಅದನ್ನು ಕುಡಿಯಲು ಪರಮೇಶ್ವರನಿದ್ದನು. ಇಂದು ಅದು ಯಾರ ಪಾಲಿಗೆ ಬರುವುದೆಂಬುದನ್ನು ಕಡೆಯುವ ಮುಂಚೆಯೇ ವಿಚಾರಿಸಬೇಡವೆ?

ಹಿಂದಿರುಗುವಾಗ ಗಾಡಿಯು ನೇತ್ರಾವತಿಯ ಸೇತುವೆಯನ್ನು ದಾಟಿತು. ನಮ್ಮ ಮನೆಗೆ ಕೋಣೆಯೊಂದನ್ನು ಕಟ್ಟಿಸಿದಾಗ ಹೊಳೆಯ ಮರಳು ಸಾಲದೆ ಮತ್ತೆರಡು ಗಾಡಿ ತರಿಸಿದ್ದೆವು. ಅದು ಎಲ್ಲಿಯದೆಂದು ಅಂದು ಕೇಳಿರಲಿಲ್ಲ. ಆ ವೃದ್ಧನ ಪ್ರಶ್ನೆಯು ನಮಗೂ ಸಲ್ಲುವುದೆಂದು ಆಗ ತೋರಿತು.