ನನ್ನನ್ನು ಓದಿ

ಕಳೆದ ಬೇಸಿಗೆಯ ಒಂದು ಮಧ್ಯಾಹ್ನ ತಿಪಟೂರಿನಿಂದ ಮೇಷ್ಟ್ರು ಫೋನ್ ಮಾಡಿದರು. ಹೈಸ್ಕೂಲಿನಲ್ಲಿ ನನಗೆ ಕನ್ನಡ ಕಲಿಸಿದವರು. ವಯಸ್ಸು ಎಪ್ಪತ್ತು ದಾಟಿದೆ. "ನೋಡಮ್ಮ, ನೀನು ಮಾಡಿದ ಪ್ರೋಗ್ರಾಮು ಓಡಿಸ್ದೆ. ಏನೋ ಆಗೋಯ್ತು. ನೀನು ಊರಿಗೆ ಬಂದಾಗ ಒಂದ್ಸಲ ಮನೆ ಕಡೆ ಬಾ," ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ. ಅದಕ್ಕೇ ಹೆದರಿಕೆಯಾಯಿತು. ಆ ಶನಿವಾರವೇ ರೈಲು ಹತ್ತಿದೆ.

ನನ್ನ ಪಿಎಚ್.ಡಿ. ಕೆಲಸಕ್ಕೆ ಹಳೆಯ ನುಡಿ ಫಾಂಟಿನಲ್ಲಿ ಟೈಪಾದ ಸಾವಿರಾರು ಪುಟಗಳು ಬೇಕಾಗಿದ್ದವು. ಆ ಕಾಲದ ಫಾಂಟುಗಳಲ್ಲಿ ಕಣ್ಣಿಗೆ ಕಾಣುವುದು ಕನ್ನಡ, ಒಳಗೆ ಕೂತಿರುವುದು ಇಂಗ್ಲಿಷ್ ಅಕ್ಷರಗಳ ಸಂಕೇತ. ಫಾಂಟು ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ತಲೆಯ ಮೇಲೆ ಚುಕ್ಕಿ ಗೆರೆ ಹೊತ್ತ ರೋಮನ್ ಅಕ್ಷರಗಳ ಕಲಸುಮೇಲೋಗರ. ಕನ್ನಡಕ್ಕೆ ಯೂನಿಕೋಡ್‌ನಲ್ಲಿ 1991ರ ಮೊದಲ ಆವೃತ್ತಿಯಿಂದಲೇ ತನ್ನದೇ ಜಾಗವಿದೆ. ಆದರೂ ನಮ್ಮ ಡಿಟಿಪಿ ಅಂಗಡಿಗಳಲ್ಲಿ, ಪತ್ರಿಕಾಲಯಗಳಲ್ಲಿ, ಕಚೇರಿಗಳಲ್ಲಿ ಎಷ್ಟೋ ವರ್ಷ ಹಳೆಯ ಫಾಂಟುಗಳೇ ನಡೆದವು. ಅಂಥ ಪುಟಗಳನ್ನು ಯೂನಿಕೋಡ್‌ಗೆ ತರಲು ನಾನೊಂದು ಪುಟ್ಟ ಪೈಥಾನ್ ಪ್ರೋಗ್ರಾಮು ಬರೆದುಕೊಂಡೆ. ಇಂಥವು ಮೊದಲೂ ಇದ್ದವು, ನನ್ನದು ನನ್ನ ಅಗತ್ಯಕ್ಕೆ ಹೊಂದಿಸಿಕೊಂಡದ್ದು. ಕೆಲಸ ಮುಗಿದ ಮೇಲೆ ಯಾರಿಗಾದರೂ ಉಪಯೋಗವಾಗಲಿ ಎಂದು ಗಿಟ್‌ಹಬ್‌ನಲ್ಲಿ ಜಿಪಿಎಲ್ ಪರವಾನಗಿಯಡಿ ಹಾಕಿದೆ. ಜೊತೆಗೆ ವಾಡಿಕೆಯಂತೆ ಒಂದು ರೀಡ್‌ಮಿ. ಅದರಲ್ಲಿ ಇಂಗ್ಲಿಷಿನಲ್ಲಿ ಎರಡೇ ಸಾಲು: ಇದು ಇಂಥದ್ದನ್ನು ಅಂಥದ್ದಾಗಿ ಬದಲಿಸುತ್ತದೆ, ಫೈಲಿನ ಹೆಸರು ಕೊಟ್ಟು ಓಡಿಸಿ.

ಮೇಷ್ಟ್ರು ನಿವೃತ್ತರಾದ ಮೇಲೆ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯ ತೆಂಗಿನ ಮಾತುಗಳನ್ನು ಕೂಡಿಸುತ್ತ ಬಂದಿದ್ದರು. ಹೊಂಬಾಳೆ, ಹರಳು, ಎಳನೀರು, ಗಿಟುಕು, ಕರಟ, ಮಟ್ಟೆ. ಕಾಯಿ ಸುಲಿಯುವವರ, ಕೊಬ್ಬರಿ ಒಡೆಯುವವರ, ಹರಾಜಿನ ದಿನ ಮಾರ್ಕೆಟ್ಟಿನಲ್ಲಿ ಮೂಟೆ ಹೊರುವವರ ಬಾಯಿಂದ ಕೇಳಿ ಬರೆದ ಪದಗಳು, ಪಕ್ಕದಲ್ಲಿ ಅರ್ಥ, ಆಮೇಲೆ ಇಂಗ್ಲಿಷಿನಲ್ಲಿ ಗಿಡದ, ಹುಳದ, ರೋಗದ ಶಾಸ್ತ್ರೀಯ ಹೆಸರು. ಎಲ್ಲವೂ ಒಂದೇ ಫೈಲಿನಲ್ಲಿ, ಹಳೆಯ ನುಡಿಯಲ್ಲಿ.

ನನ್ನ ಪ್ರೋಗ್ರಾಮು ಮಾಡಿದ್ದು ಎರಡು ಅನಾಹುತ. ಒಂದು, ಬದಲಾದ ಪಠ್ಯವನ್ನು ಹೊಸ ಫೈಲಿನಲ್ಲಿ ಇಡದೆ ಹಳೆಯದರ ಮೇಲೆಯೇ ಬರೆದುಬಿಟ್ಟಿತು. ಎರಡು, ಇಂಗ್ಲಿಷ್ ಪದಗಳನ್ನೂ ಕನ್ನಡದ ಸಂಕೇತವೆಂದೇ ತಿಳಿದು ಅರ್ಥವಿಲ್ಲದ ಅಕ್ಷರಗಳಾಗಿಸಿತು, ಸಾಟಿ ಸಿಗದ ಕಡೆ ಬಿಟ್ಟೇಬಿಟ್ಟಿತು. ಈ ಎರಡೂ ನನಗೆ ಗೊತ್ತಿದ್ದ ಸಂಗತಿಗಳೇ. ನಾನು ಯಾವಾಗಲೂ ಪ್ರತಿ ಇಟ್ಟುಕೊಂಡೇ ಓಡಿಸುತ್ತಿದ್ದೆ. ನನ್ನ ಪುಟಗಳಲ್ಲಿ ಇಂಗ್ಲಿಷೇ ಇರಲಿಲ್ಲ. ಗೊತ್ತಿದ್ದದ್ದರಿಂದಲೇ ಬರೆಯಲಿಲ್ಲ.

ಮೇಷ್ಟ್ರ ಬಳಿ ಹಳೆಯದೊಂದು ಪ್ರಿಂಟು ಇತ್ತು. ಅದಾದ ಮೇಲೆ ಸೇರಿಸಿದ್ದು ಸುಮಾರು ನಲವತ್ತು ಪುಟ. ಆ ಪುಟಗಳಲ್ಲಿ ಕನ್ನಡ ಉಳಿದಿತ್ತು, ಇಂಗ್ಲಿಷ್ ಹೋಗಿತ್ತು. ಪಕ್ಕದಲ್ಲಿ ಕೂತು ಒಂದೊಂದನ್ನೇ ತುಂಬತೊಡಗಿದೆ. ಕೆಲವು ಅವರಿಗೆ ನೆನಪಿದ್ದವು. ಕೆಲವಕ್ಕೆ ಕೋನೇಹಳ್ಳಿಯ ಕೃಷಿ ವಿಜ್ಞಾನ ಕೇಂದ್ರದವರನ್ನು ಕೇಳಿ ಬರೆದುಕೊಂಡಿದ್ದರಂತೆ. ಆ ಚೀಟಿಗಳು ಈಗ ಇರಲಿಲ್ಲ. ಒಂದು ಹುಳದ ಹೆಸರಿಗೆ ಹತ್ತು ನಿಮಿಷ ಕಣ್ಣುಮುಚ್ಚಿ ಕೂತರು. ಕೊನೆಗೆ, "ಬಿಡು, ಖಾಲಿ ಇರ್ಲಿ," ಎಂದರು. ಆ ಖಾಲಿ ಜಾಗ ನೋಡುವುದು ಬಯ್ಯಿಸಿಕೊಳ್ಳುವುದಕ್ಕಿಂತ ಕಷ್ಟವಾಗಿತ್ತು.

ಕಾನೂನಿನ ಪ್ರಕಾರ ನನ್ನ ತಪ್ಪೇನೂ ಇಲ್ಲ. ಈ ತಂತ್ರಾಂಶಕ್ಕೆ ಯಾವ ಭರವಸೆಯೂ ಇಲ್ಲ ಎಂದು ಜಿಪಿಎಲ್ ದಪ್ಪ ಅಕ್ಷರಗಳಲ್ಲಿ ಹೇಳುತ್ತದೆ. ಆದರೆ ಮೇಷ್ಟ್ರು ಓದಬೇಕಾಗಿದ್ದದ್ದು ಪರವಾನಗಿಯನ್ನಲ್ಲ. 'ನನ್ನನ್ನು ಓದಿ' ಎಂದು ಹೆಸರಿಟ್ಟುಕೊಂಡು ಕೂತಿದ್ದ ಆ ಎರಡು ಸಾಲನ್ನು. ಅವರು ಓದಿದ್ದರು. ಅಲ್ಲಿ ಬರೆದಂತೆಯೇ ಮಾಡಿದ್ದರು.

ಆ ರಾತ್ರಿ ಮನೆಯಲ್ಲಿ ಊಟ ಮಾಡುವಾಗ ಅಮ್ಮನಿಗೆ ಇದನ್ನೆಲ್ಲ ಹೇಳಿದೆ. ಅಮ್ಮ ಹೆಚ್ಚು ಮಾತಾಡಲಿಲ್ಲ. ಮರುದಿನ ಬೆಳಿಗ್ಗೆ ಅಟ್ಟದಿಂದ ಕಾಯಿ ಇಳಿಸಲು ಹೊಸ ಹುಡುಗನೊಬ್ಬ ಬಂದಿದ್ದ. ನಮ್ಮ ಕಡೆ ಉಂಡೆ ಕೊಬ್ಬರಿಗೆ ಬಲಿತ ಕಾಯಿಯನ್ನು ಸುಲಿಯದೆ ಅಟ್ಟಕ್ಕೆ ಏರಿಸುತ್ತಾರೆ. ಹತ್ತು ಹನ್ನೊಂದು ತಿಂಗಳು ಅಲ್ಲೇ ಇರಬೇಕು. ಒಳಗಿನ ನೀರು ಇಂಗಿ, ಕೊಬ್ಬರಿ ಕರಟ ಬಿಟ್ಟು ಉಂಡೆಯಾಗಿ ಕಳಚಿಕೊಳ್ಳಬೇಕು. ಅಮ್ಮ ಹುಡುಗನ ಕೈಗೆ ಒಂದು ಕಾಯಿ ಕೊಟ್ಟು, "ಅಲ್ಲಾಡ್ಸಿ ಕೇಳಪ್ಪ. ನೀರಿನ ಸದ್ದು ಬಂದ್ರೆ ಅದು ಇನ್ನೂ ಆಗಿಲ್ಲ, ಅಲ್ಲೇ ಬಿಡು. ಗಿಟುಕು ಲೊಡಲೊಡ ಅಂದ್ರೆ ಇಳ್ಸು. ಯಾವ್ದೂ ಕೇಳಿಸ್ಲಿಲ್ಲ ಅಂದ್ರೆ ನಿಂಗೆ ನೀನೇ ತೀರ್ಮಾನ ಮಾಡ್ಬೇಡ, ನನ್ನ ಕೂಗು," ಎಂದಳು. ಆಮೇಲೆ ಬೇರೆ ಬೇರೆ ಸದ್ದಿನ ಎರಡು ಕಾಯಿ ಕೊಟ್ಟು ಅವನಿಂದಲೇ ಹೇಳಿಸಿದಳು.

ನಾನು ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ಏನು ಮಾಡಬೇಕು, ಸರಿಯಾಗಿದೆ ಎಂದು ಹೇಗೆ ತಿಳಿಯಬೇಕು, ಗೊತ್ತಾಗದಿದ್ದರೆ ಎಲ್ಲಿ ನಿಲ್ಲಬೇಕು. ಮೂರೂ ಇದ್ದವು. ನನ್ನ ರೀಡ್‌ಮಿಯಲ್ಲಿ ಮೊದಲನೆಯದು ಮಾತ್ರ ಇತ್ತು, ಅದೂ ಅರ್ಧ.

ಬೆಂಗಳೂರಿಗೆ ಹಿಂತಿರುಗಿ ಈ ವಿಷಯ ಓದತೊಡಗಿದೆ. ಯೂನಿಕ್ಸ್‌ನ ಮೊದಲ ಕೈಪಿಡಿ ಹೊರಬಂದದ್ದು 1971ರ ನವೆಂಬರ್‌ನಲ್ಲಿ, ಬೆಲ್ ಲ್ಯಾಬ್ಸ್‌ನಿಂದ. ಬರೆದವರು ಕೆನ್ ಥಾಂಪ್ಸನ್ ಮತ್ತು ಡೆನಿಸ್ ರಿಚಿ, ಅಂದರೆ ಯೂನಿಕ್ಸ್ ಕಟ್ಟಿದವರೇ. ಒಂದೊಂದು ಆಜ್ಞೆಗೂ ಹೆಸರು, ಬಳಸುವ ರೀತಿ, ವಿವರಣೆ, ಕೊನೆಯಲ್ಲಿ 'ಬಗ್ಸ್' ಎಂಬ ಭಾಗ. ತಮ್ಮ ಪ್ರೋಗ್ರಾಮಿನಲ್ಲಿರುವ ಕೊರತೆಯನ್ನು ಅವರೇ ಅಲ್ಲಿ ಬರೆದಿಟ್ಟರು. ಲಿನಕ್ಸ್‌ನ ಕೈಪಿಡಿ ಪುಟಗಳಲ್ಲಿ ಈ ಪದ್ಧತಿ ಇವತ್ತಿಗೂ ಇದೆ. ಡಾನಿಯೆಲೆ ಪ್ರೊಚಿದಾ ಎಂಬವರು ಡಾಕ್ಯುಮೆಂಟೇಶನ್ ಅನ್ನು ನಾಲ್ಕಾಗಿ ವಿಂಗಡಿಸುತ್ತಾರೆ: ಹೊಸಬರ ಕೈಹಿಡಿದು ನಡೆಸುವ ಪಾಠ, ಒಂದು ನಿರ್ದಿಷ್ಟ ಕೆಲಸಕ್ಕೆ ದಾರಿ, ನಿಘಂಟಿನಂತೆ ಹುಡುಕಿ ನೋಡುವ ವಿವರ, ಯಾಕೆ ಹೀಗೆ ಎಂಬ ವಿವರಣೆ. ನಾಲ್ಕನ್ನೂ ಒಂದೇ ಪಾತ್ರೆಯಲ್ಲಿ ಕಲಸಿದರೆ ಯಾರಿಗೂ ದಕ್ಕುವುದಿಲ್ಲ ಎಂಬುದು ಅವರ ವಾದದ ಸಾರ.

ಈ ಸಲ ಕನ್ನಡದಲ್ಲೇ ಬರೆದೆ. ಪ್ರೋಗ್ರಾಮನ್ನೂ ತಿದ್ದಿದೆ. ಈಗ ಅದು ಮೂಲ ಫೈಲನ್ನು ಮುಟ್ಟುವುದಿಲ್ಲ. ಮುಂದಿನ ತಿಂಗಳು ಕರಡನ್ನು ಪ್ರಿಂಟು ಹಾಕಿಸಿಕೊಂಡು ಮೇಷ್ಟ್ರ ಮನೆಗೆ ಹೋದೆ. ಅವರು ಕೆಂಪು ಪೆನ್ನು ಹಿಡಿದು ಕೂತರು. ಮೊದಲ ಸಾಲಿಗೇ ಗೆರೆ ಬಿತ್ತು.

"ಇದೇನಮ್ಮ, ಕಡತ?"

"ಫೈಲು ಸಾರ್."

"ಕಡತ ಅಂದ್ರೆ ತಾಲ್ಲೂಕು ಆಫೀಸಲ್ಲಿ ದಾರ ಕಟ್ಟಿ ಇಟ್ಟಿರ್ತಾರಲ್ಲ, ಅದು. ಇಲ್ಲಿ ಫೈಲು ಅಂತಲೇ ಹಾಕು."

ಕನ್ನಡ ಮೇಷ್ಟ್ರೇ ಹೀಗೆಂದಾಗ ನಗು ಬಂತು. ಗಣಕಯಂತ್ರ ಹೋಗಿ ಕಂಪ್ಯೂಟರು ಬಂತು. 'ಸುಲಭವಾಗಿ', 'ಕೇವಲ' ಎಂಬ ಪದಗಳನ್ನು ಎಲ್ಲ ಕಡೆಯೂ ಹೊಡೆದು ಹಾಕಿದರು. "ನಂಗೆ ಬರ್ಲಿಲ್ಲ ಅಂದ್ರೆ ನಾನು ದಡ್ಡ ಅಂದಂಗಾಯ್ತಲ್ಲ," ಎಂದರು. ನಾನು ಸುಮ್ಮನೆ ತಲೆಯಾಡಿಸಿದೆ. ಆಮೇಲೆ ಲ್ಯಾಪ್‌ಟಾಪನ್ನು ಅವರ ಮುಂದಿಟ್ಟು, ಬಾಯಿ ಬಿಡದೆ ಪಕ್ಕದಲ್ಲಿ ಕೂತೆ. ಅವರು ನನ್ನ ಬರಹ ನೋಡಿಕೊಂಡೇ ಓಡಿಸಬೇಕು, ನಾನು ಸಹಾಯ ಮಾಡಬಾರದು ಎಂಬ ಕರಾರು. ಮೂರು ಕಡೆ ನಿಂತರು. ಮೂರೂ ಕಡೆ ನಾನು ಒಂದು ಹೆಜ್ಜೆ ನುಂಗಿದ್ದೆ. ಒಂದು ಕಡೆಯಂತೂ ಆಜ್ಞೆ ಬರೆದ ಮೇಲೆ ಎಂಟರ್ ಒತ್ತಬೇಕೆಂದೇ ಬರೆದಿರಲಿಲ್ಲ.

ನಡುವೆ ಕಾಫಿ ಕುಡಿಯುವಾಗ ತೀ.ನಂ.ಶ್ರೀಯವರ ಮಾತು ಬಂತು. ಅವರು ಹುಟ್ಟಿದ್ದು ಇಲ್ಲೇ ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ತೀರ್ಥಪುರದಲ್ಲಿ. 1953ರಲ್ಲಿ ಬಂದ ಅವರ 'ಭಾರತೀಯ ಕಾವ್ಯಮೀಮಾಂಸೆ'ಯನ್ನು ನಾನೂ ಎಂ.ಎ.ಯಲ್ಲಿ ಓದಿದ್ದೆ. ಶತಮಾನಗಳ ಸಂಸ್ಕೃತ ಅಲಂಕಾರಶಾಸ್ತ್ರವನ್ನು ಸಂಸ್ಕೃತ ಬಾರದ ವಿದ್ಯಾರ್ಥಿಯ ಕೈಗೆ ನಿಲುಕುವಂತೆ ಕನ್ನಡದಲ್ಲಿ ಹೇಳಿದ ಪುಸ್ತಕ. "ಅದೂ ಒಂದು ರೀಡ್‌ಮಿನೇ ಅಲ್ವೇನಮ್ಮ?" ಎಂದರು ಮೇಷ್ಟ್ರು. ಪ್ರಸಾದ ಗುಣದ ವಿಷಯ ನೆನಪಿಸಿದರು. ಓದಿದ ಕೂಡಲೇ ಅರ್ಥ ಮನಸ್ಸಿಗೆ ಹರಡಬೇಕು, ಒಣಗಿದ ಸೌದೆಗೆ ಬೆಂಕಿ ಹಿಡಿದ ಹಾಗೆ. ನಮ್ಮಲ್ಲಾದರೆ ಒಣ ಸೋಗೆಗೆ ಹಿಡಿದ ಹಾಗೆ ಎನ್ನಬಹುದು. ಚೆಂದವಾಗಿ ಬರೆಯುವುದೆಂದರೆ ಬಣ್ಣದ ಚಿತ್ರ, ದೊಡ್ಡ ತಲೆಬರಹ ಎಂದುಕೊಂಡಿದ್ದೆ. ಅವೂ ಬೇಕು. ಪುಟದಲ್ಲಿ ಉಸಿರಾಡಲು ಜಾಗ ಬೇಕು, ತೆರೆಯ ಮೇಲೆ ಏನು ಕಾಣುತ್ತದೆ ಎಂಬ ಚಿತ್ರ ಬೇಕು. ಆದರೆ ಓದುವವರು ತಡವರಿಸದೆ ಮುಂದೆ ಹೋಗುವುದೇ ಮೊದಲ ಚೆಂದ.

ನಮ್ಮ ನಾಡಿನಲ್ಲಿ ಒಬ್ಬೊಬ್ಬರೇ ಕೂತು ಮಾಡಿದ ದೊಡ್ಡ ಕೆಲಸಗಳಿವೆ. ವಿ. ಕೃಷ್ಣ ಅವರು ದಶಕಗಟ್ಟಲೆ ಕೂಡಿಸಿದ ಒಂದೂವರೆ ಲಕ್ಷಕ್ಕೂ ಮಿಕ್ಕಿದ ಪದಗಳ ಕನ್ನಡ-ಇಂಗ್ಲಿಷ್ ನಿಘಂಟು 2019ರಲ್ಲಿ 'ಅಲರ್' ಎಂಬ ಹೆಸರಿನಲ್ಲಿ ಮುಕ್ತ ಪರವಾನಗಿಯಡಿ ಎಲ್ಲರಿಗೂ ಸಿಕ್ಕಿತು. ಮೇಷ್ಟ್ರ ಪಟ್ಟಿ ಅದರ ಮುಂದೆ ತುಂಬ ಚಿಕ್ಕದು. ಆದರೂ ಮೂರು ತಾಲ್ಲೂಕುಗಳ ಮಾತು ಅದರಲ್ಲಿದೆ, ಅದನ್ನು ಆಡುವವರಿಗೆ ವಯಸ್ಸಾಗುತ್ತಿದೆ. ಅಂಥದ್ದನ್ನು ಉಳಿಸಲೆಂದು ಮಾಡಿದ ಸಾಧನವೇ ಅದನ್ನು ತಿಂದರೆ ಮುಕ್ತ ತಂತ್ರಾಂಶ ಎಂಬ ಮಾತಿಗೆ ಏನು ಬೆಲೆ? ಕೋಡ್ ತೆರೆದಿಟ್ಟ ಮಾತ್ರಕ್ಕೆ ಬಾಗಿಲು ತೆರೆದಂತಲ್ಲ. ಒಳಗೆ ಬಂದವರಿಗೆ ಮೆಟ್ಟಿಲು ಎಲ್ಲಿದೆ ಎಂದು ಹೇಳಬೇಕು. ಯಾವ ಮೆಟ್ಟಿಲು ಮುರಿದಿದೆ ಎಂದು ಅದಕ್ಕೂ ಮೊದಲೇ ಹೇಳಬೇಕು.

ಈಗ ನನ್ನ ರೀಡ್‌ಮಿಯ ಮೊದಲ ತಲೆಬರಹ 'ಗೊತ್ತಿರುವ ದೋಷಗಳು'. ಯೂನಿಕ್ಸ್‌ನವರು ಅದನ್ನು ಕೊನೆಯಲ್ಲಿಟ್ಟರು, ನಾನು ಮೇಲಕ್ಕೆ ತಂದಿದ್ದೇನೆ. ಅಲ್ಲಿ ಬರೆದದ್ದು ಇಷ್ಟು: ಓಡಿಸುವ ಮೊದಲು ಫೈಲಿನ ಇನ್ನೊಂದು ಪ್ರತಿ ಇಟ್ಟುಕೊಳ್ಳಿ. ಇಂಗ್ಲಿಷ್ ಪದಗಳಿದ್ದರೆ ಅವು ಕೆಡುತ್ತವೆ. ಕನ್ನಡ ಯಾವುದು, ಇಂಗ್ಲಿಷ್ ಯಾವುದು ಎಂದು ಈ ಪ್ರೋಗ್ರಾಮಿಗೆ ತಿಳಿಯುವುದಿಲ್ಲ. ಅನುಮಾನ ಬಂದರೆ ನಿಲ್ಲಿಸಿ, ನನಗೆ ಬರೆಯಿರಿ.

ಕೊನೆಯ ಸಾಲು ಅಮ್ಮನದು. ಅವಳಿಗೆ ತೋರಿಸಿದಾಗ ಕನ್ನಡಕ ಹಾಕಿಕೊಂಡು ಪೂರ್ತಿ ಓದಿ, "ಕಂಪ್ಯೂಟ್ರು ನಂಗೊತ್ತಿಲ್ಲ, ಆದ್ರೆ ಏನು ಮಾಡ್ಬಾರ್ದು ಅಂತ ಗೊತ್ತಾಯ್ತು ಕಣೆ," ಎಂದಳು.

ಮೇಷ್ಟ್ರ ಪಟ್ಟಿ ಈಗ ಯೂನಿಕೋಡ್‌ನಲ್ಲಿದೆ. ಆ ಹುಳದ ಹೆಸರಿನ ಜಾಗ ಇನ್ನೂ ಖಾಲಿ ಇದೆ. ತುಂಬುವುದು ಬೇಡ, ಇಂಥ ಕಾರಣಕ್ಕೆ ಹೋಯಿತು ಎಂದು ಒಂದು ಟಿಪ್ಪಣಿ ಹಾಕು ಎಂದರು. ಹಾಕಿದ್ದೇನೆ. ಈಚೆಗೆ ನಾನು ಬರೆದ ಟಿಪ್ಪಣಿಗಳಲ್ಲೆಲ್ಲ ಹೆಚ್ಚು ಸಲ ತಿದ್ದಿದ್ದು ಅದನ್ನೇ.