ಜಮೀನು ಕಸಿದ ಕಾಗದ, ಹೆಸರು ಉಳಿಸಿದ ಕಾಗದ

ಐರ್ಲೆಂಡ್ ಗಣರಾಜ್ಯದ ಹಳ್ಳಿಗಾಡಿನಲ್ಲಿ ಸಾಗುವ ಪ್ರವಾಸಿಗೆ ಹೆಜ್ಜೆಹೆಜ್ಜೆಗೂ ಜೋಡಿ ಹೆಸರಿನ ಫಲಕಗಳು ಎದುರಾಗುತ್ತವೆ. ಮೇಲೆ ಓರೆ ಅಕ್ಷರಗಳಲ್ಲಿ ಐರಿಷ್ ಹೆಸರು, ಕೆಳಗೆ ದೊಡ್ಡ ಅಕ್ಷರಗಳಲ್ಲಿ ಇಂಗ್ಲಿಷ್ ಹೆಸರು. ಕೆಳಗಿನದು ಬಹುಪಾಲು ಅನುವಾದವಲ್ಲ. ಐರಿಷ್ ಉಚ್ಚಾರವನ್ನು ಇಂಗ್ಲಿಷ್ ಕಿವಿ ಕೇಳಿಸಿಕೊಂಡ ಬಗೆ. 'ನಾಕ್' ಎಂದಿದ್ದರೆ ಗುಡ್ಡ, 'ಡೆರಿ' ಎಂದಿದ್ದರೆ ಓಕ್ ಮರಗಳ ತೋಪು.

ಎಲ್ಲ ಹೆಸರುಗಳೂ ಇಷ್ಟು ಸುಲಭವಾಗಿ ಗುಟ್ಟು ಬಿಟ್ಟುಕೊಡುವುದಿಲ್ಲ. 'ಕಿಲ್‌ಮೋರ್' ಎಂಬ ಸ್ಥಳಗಳು ಆ ದೇಶದಲ್ಲಿ ಹಲವಾರಿವೆ. ಮೂಲದಲ್ಲಿ 'ಕಿಲ್' ಇದ್ದರೆ ದೊಡ್ಡ ಚರ್ಚು, 'ಕ್ವಿಲ್' ಇದ್ದರೆ ದೊಡ್ಡ ಕಾಡು. ಚರ್ಚು ಕುಸಿದು, ಕಾಡು ಕಡಿದು, ಐರಿಷ್ ಆಡುವ ನಾಲಿಗೆಯೂ ಇಲ್ಲವಾದ ಕಡೆ ಉತ್ತರ ಹೇಳುವವರು ಯಾರು? ಹಳೆಯ ಜಮೀನು ದಾಖಲೆಗಳೇ.

ಆ ದಾಖಲೆಗಳ ಕಥೆ ವಿಚಿತ್ರವಾದದ್ದು. ಕ್ರಾಮ್‌ವೆಲ್‌ನ ಸೇನೆ ಐರ್ಲೆಂಡನ್ನು ಗೆದ್ದ ಮೇಲೆ ಕ್ಯಾಥೊಲಿಕ್ ಒಡೆಯರ ಜಮೀನನ್ನು ಕಸಿದು, ಸೈನಿಕರಿಗೂ ಯುದ್ಧಕ್ಕೆ ಹಣ ಕೊಟ್ಟವರಿಗೂ ಹಂಚಬೇಕಾಯಿತು. ಅದಕ್ಕಾಗಿ 1655-56ರಲ್ಲಿ ವಿಲಿಯಂ ಪೆಟ್ಟಿ ನಡೆಸಿದ್ದೇ 'ಡೌನ್ ಸರ್ವೆ'. ಸರಪಳಿ ಹಿಡಿದು ಅಳೆದವರಲ್ಲಿ ಸೈನಿಕರೂ ಇದ್ದರು. ಕಿವಿಗೆ ಬಿದ್ದ ಹೆಸರನ್ನು ಬಿದ್ದಂತೆಯೇ ಬರೆದುಕೊಂಡರು. ಜನರಿಂದ ನೆಲ ಕಿತ್ತುಕೊಳ್ಳಲು ಹುಟ್ಟಿದ ಕಾಗದವೇ ಆ ನೆಲದ ಹೆಸರನ್ನು ಕಾಪಾಡಿತು!

ಇನ್ನೂರು ವರ್ಷ ಕಳೆಯುವ ಹೊತ್ತಿಗೆ ಮತ್ತೊಂದು ಅಳತೆ ಬಂತು. ತೆರಿಗೆ ಸರಿಪಡಿಸಲೆಂದು 1824ರಲ್ಲಿ ಶುರುವಾದ ಆರ್ಡ್ನೆನ್ಸ್ ಸರ್ವೆ, ಮೈಲಿಗೆ ಆರು ಅಂಗುಲದಂತೆ ಇಡೀ ದ್ವೀಪದ ನಕ್ಷೆ ಬರೆಯಿತು. ಹೆಸರುಗಳ ಹೊಣೆ ಜಾನ್ ಓ'ಡೊನೊವನ್ ಎಂಬ ಐರಿಷ್ ವಿದ್ವಾಂಸನದು. ಆತ ಕೌಂಟಿಯಿಂದ ಕೌಂಟಿಗೆ ತಿರುಗಿ, ಹಿರಿಯರ ಬಾಯಲ್ಲಿ ಹೆಸರು ಹೇಳಿಸಿ ಕೇಳಿ, ಹಳೆಯ ದಾಖಲೆಗಳ ಕಾಗುಣಿತದೊಡನೆ ಹೋಲಿಸಿ ನೋಡಿದ. ನಕ್ಷೆಗೆ ಹೋದದ್ದು ಇಂಗ್ಲಿಷ್ ರೂಪ. ಐರಿಷ್ ರೂಪ ಆತನ 'ಹೆಸರಿನ ಪುಸ್ತಕ'ಗಳಲ್ಲಿ ಉಳಿಯಿತು.

ಇಂದು ಹೆಸರು ಹುಡುಕುವವರು ಹಿಡಿಯುವ ದಾರಿಯೂ ಇದೇ. ಅಲ್ಲಿ ಜಮೀನಿನ ಲೆಕ್ಕ 'ಟೌನ್‌ಲ್ಯಾಂಡ್'ಗಳಲ್ಲಿ. ಹೆಸರಿನಲ್ಲಿ ಟೌನ್ ಇದ್ದರೂ ಅದು ಪಟ್ಟಣವಲ್ಲ, ಹೊಲ ಹುಲ್ಲುಗಾವಲುಗಳ ಚಿಕ್ಕ ವಿಭಾಗ. ಅಂಥವು ಅರವತ್ತು ಸಾವಿರಕ್ಕೂ ಹೆಚ್ಚು. ಪೆಟ್ಟಿಯ ಕಾಲದ ಹೆಸರೊಂದು ಓ'ಡೊನೊವನ್‌ನ ಕಾಲಕ್ಕೆ ಕಾಣದಿದ್ದರೆ, ಅದು ಪಕ್ಕದ ಟೌನ್‌ಲ್ಯಾಂಡಿನಲ್ಲಿ ಕರಗಿರಬಹುದು. ಆಗ ಅಕ್ಕಪಕ್ಕದ ಹೆಸರು, ಹಳ್ಳ, ಗಡಿ, ಎಕರೆಗಳನ್ನು ತಾಳೆ ಹಾಕಿ ಜಾಗ ಗುರುತಿಸಬೇಕು.

ದಾಖಲೆಗಳೂ ಚಿರಂಜೀವಿಗಳಲ್ಲ. 1922ರ ಅಂತರ್ಯುದ್ಧದಲ್ಲಿ ಡಬ್ಲಿನ್ನಿನ ದಾಖಲೆ ಭಂಡಾರ ಹೊತ್ತಿ ಉರಿದು ಶತಮಾನಗಳ ಕಾಗದ ಬೂದಿಯಾಯಿತು. ಪೆಟ್ಟಿಯ ನಕ್ಷೆಗಳ ಒಂದು ಕಟ್ಟು ಮಾತ್ರ ಬೇರೆ ದಾರಿಯಲ್ಲಿ ಬದುಕಿಕೊಂಡಿತ್ತು. 1707ರಲ್ಲಿ ಸಮುದ್ರದಲ್ಲಿ ಫ್ರೆಂಚರ ಕೈಗೆ ಸಿಕ್ಕ ಆ ಕಟ್ಟು ಪ್ಯಾರಿಸ್ಸಿನ ರಾಷ್ಟ್ರೀಯ ಗ್ರಂಥಾಲಯ ಸೇರಿತು. ಉಳಿದ ಪ್ರತಿಗಳನ್ನೆಲ್ಲ ಕೂಡಿಸಿ ಡಬ್ಲಿನ್ನಿನ ಟ್ರಿನಿಟಿ ಕಾಲೇಜು 2013ರಲ್ಲಿ ಅಂತರ್ಜಾಲಕ್ಕೆ ಏರಿಸಿತು.

ಆದರೆ ಟೌನ್‌ಲ್ಯಾಂಡಿಗಿಂತ ಕಿರಿದಾದ ಹೊಲಗಳ ಹೆಸರು ಬಹುಮಟ್ಟಿಗೆ ಯಾವ ಸರ್ವೆಯ ಪುಸ್ತಕಕ್ಕೂ ಏರಲಿಲ್ಲ. ಮೀತ್ ಕೌಂಟಿಯಲ್ಲಿ ಸ್ಥಳೀಯರೇ ರೈತರನ್ನು ಕೇಳಿ ಅವನ್ನು ಕೂಡಿಹಾಕಿದ್ದಾರೆ. ಉಳಿದ ಹಲವೆಡೆ ಅವು ಇನ್ನೂ ಮುದುಕರ ನೆನಪಿನಲ್ಲಷ್ಟೇ ಇವೆ. ಅಲ್ಲಿಗೆ ಕಾಗದ ಸಾಲದು; ಕೇಳಿ ಬರೆದುಕೊಳ್ಳುವವರು ಬೇಗ ಹೋಗಬೇಕು.