ಒಂದೇ ಕುಳಿ

ಗಾಲ್ಫ್ ಎಂಬ ಆಟಕ್ಕೂ ನನಗೂ ಇದ್ದ ನಂಟು ಬಸ್ಸಿನ ಕಿಟಕಿಯಷ್ಟೇ. ಹೈಗ್ರೌಂಡ್ಸಿನ ಕಡೆ ಹೋಗುವಾಗ, 1876ರಲ್ಲಿ ಸ್ಥಾಪಿತವಾದ ಬೆಂಗಳೂರು ಗಾಲ್ಫ್ ಕ್ಲಬ್ಬಿನ ಹಸುರು ಬೇಲಿಯಾಚೆ ಕಂಡು ಮರೆಯಾಗುತ್ತಿತ್ತು. ಅದು ನಮ್ಮಂಥವರ ಆಟವಲ್ಲವೆಂದು ಆ ಬೇಲಿಯೇ ಹೇಳುತ್ತಿತ್ತು. ಹೀಗಿದ್ದ ನಾನು 2021ರ ಆಗಸ್ಟ್ 7ರ ಶನಿವಾರ ಬೆಳಿಗ್ಗೆ, ಪೀಣ್ಯದ ಒಂದು ಟೀ ಅಂಗಡಿಯ ಮುಂದೆ ಲೇತ್ ಹುಡುಗರ ಭುಜಗಳ ನಡುವೆ ಕತ್ತು ತೂರಿಸಿ, ಅಂಗೈಯಗಲದ ಫೋನಿನಲ್ಲಿ ಗಾಲ್ಫ್ ನೋಡುತ್ತ ನಿಂತಿದ್ದೆ. ಟೋಕಿಯೋ ಒಲಿಂಪಿಕ್ಸಿನ ಕೊನೆಯ ಸುತ್ತು. ನಮ್ಮ ಬೆಂಗಳೂರಿನ ಹುಡುಗಿ ಅದಿತಿ ಅಶೋಕ್ ಪದಕದ ಹೊಸ್ತಿಲಲ್ಲಿದ್ದಳು. ಅವಳ ಆಟದ ಚೀಲ ಹೊತ್ತು ಜೊತೆಯಲ್ಲಿ ನಡೆಯುತ್ತಿದ್ದವರು ಸ್ವಂತ ತಾಯಿ.

"ಇದು ನಮ್ಮ ಗೋಲಿಯಾಟಾನೇ ಅಲ್ವಾ ಸಾರ್? ಕೋಲೊಂದು ಜಾಸ್ತಿ, ಅಷ್ಟೇ" ಎಂದ ಒಬ್ಬ. ಇದಕ್ಕಿಂತ ಚೆನ್ನಾಗಿ ಆ ಆಟವನ್ನು ಯಾರೂ ನನಗೆ ವಿವರಿಸಿಲ್ಲ.

ಒಂದೇ ಒಂದು ಹೊಡೆತದಿಂದ ಕಂಚು ತಪ್ಪಿ ಅವಳು ನಾಲ್ಕನೆಯವಳಾದಳು. ಹುಡುಗರು ಉಸ್ಸೆಂದು ಮೌನವಾಗಿ ಚದುರಿದರು. ನನ್ನ ಲೋಟದ ಟೀ ಆರಿಹೋಗಿತ್ತು.

ಅಂದಿನಿಂದ ಪತ್ರಿಕೆಯ ಗಾಲ್ಫ್ ಸುದ್ದಿಯನ್ನೂ ಓದುವ ಚಪಲ ಹತ್ತಿತು. ಲೆಕ್ಕ ಬರೆದು ಬದುಕಿದವನ ಕಣ್ಣು ಅಂಕಿಯ ಮೇಲೆಯೇ ತಾನೆ ಹೋಗುವುದು! 2024ರ ಅಮೆರಿಕನ್ ಓಪನ್ನಿನಲ್ಲಿ ಗಂಡಸರಿಗೆ ಹಂಚಿದ ಒಟ್ಟು ಬಹುಮಾನ 2 ಕೋಟಿ 15 ಲಕ್ಷ ಡಾಲರು. ಹೆಂಗಸರಿಗೆ 1 ಕೋಟಿ 20 ಲಕ್ಷ. ಅಮೆರಿಕದ ಮಾತು ಹಾಗಿರಲಿ. ಅದೇ ವರ್ಷ ನಮ್ಮ ಗುರುಗ್ರಾಮದ ಒಂದೇ ಮೈದಾನದಲ್ಲಿ, ಮೋಟಾರ್ ಸೈಕಲ್ ಮಾಡುವ ಒಂದೇ ಕಂಪನಿಯ ಹೆಸರಿನಲ್ಲಿ ಎರಡು ಪಂದ್ಯಾವಳಿಗಳು ನಡೆದವು. ಗಂಡಸರ ಇಂಡಿಯನ್ ಓಪನ್ನಿಗೆ 22 ಲಕ್ಷ 50 ಸಾವಿರ ಡಾಲರು. ಹೆಂಗಸರದಕ್ಕೆ 4 ಲಕ್ಷ. 2016ರಲ್ಲಿ ಹದಿನೆಂಟರ ಅದಿತಿ ಗೆದ್ದದ್ದು ಈ ಎರಡನೆಯದನ್ನು. ಹೆಸರನ್ನೂ ಗಮನಿಸಬೇಕು. ಗಂಡಸರದು ಬರೀ 'ಓಪನ್'. ಇವರದಕ್ಕೆ ಮಾತ್ರ 'ಮಹಿಳಾ' ಎಂಬ ಬಾಲವೋ ಕೊಂಬೋ ಒಂದು ಅಂಟಿರಲೇಬೇಕು.

ಗಂಡಸರು ಚೆಂಡನ್ನು ಹೆಚ್ಚು ದೂರ ಹೊಡೆಯುತ್ತಾರೆ, ಹೌದು. ಅದಕ್ಕೆಂದೇ ಹೆಂಗಸರ ಆಟ ಕುಳಿಗೆ ಸ್ವಲ್ಪ ಹತ್ತಿರದಿಂದ ಆರಂಭವಾಗುತ್ತದೆ. ಆದರೆ ಕುಳಿಯ ಅಗಲ ಇಬ್ಬರಿಗೂ ನಾಲ್ಕೂಕಾಲು ಅಂಗುಲವೇ. ಟೆಲಿವಿಷನ್ನು, ಜಾಹೀರಾತು, ಪ್ರಾಯೋಜಕರು ಎಲ್ಲಿಯೋ ಹಣ ಅಲ್ಲಿ ಎನ್ನುವ ವಾದವೂ ಇದೆ. ಇದು ಸುಳ್ಳಲ್ಲ, ಬಹುಮಾನದ ಹಣ ಆಕಾಶದಿಂದ ಉದುರುವುದಿಲ್ಲ. ಆದರೆ ತೋರಿಸದಿದ್ದರೆ ನೋಡುವವರಾರು? ತೋರಿಸಿದ ಒಂದು ದಿನ, ಗಾಲ್ಫ್ ಕೋಲನ್ನು ಮುಟ್ಟಿಯೂ ನೋಡದ ಪೀಣ್ಯದ ಹುಡುಗರು ತಿಂಡಿ ಬಿಟ್ಟು ನಿಂತಿದ್ದನ್ನು ನಾನೇ ಕಂಡಿದ್ದೇನೆ. ಊರೂರು ಸುತ್ತುವ ಆಟಗಾರ್ತಿಗೆ ವಿಮಾನದವನೇನು ಅರ್ಧ ಟಿಕೆಟ್ ಕೊಡುತ್ತಾನೆಯೇ? ವಿಂಬಲ್ಡನ್ ಟೆನಿಸ್ 2007ರಲ್ಲಿ ಬಹುಮಾನವನ್ನು ಸಮ ಮಾಡಿತು. ನಮ್ಮ ಕ್ರಿಕೆಟ್ ಮಂಡಲಿ 2022ರಲ್ಲಿ ಪಂದ್ಯದ ಸಂಭಾವನೆಯನ್ನು ಇಬ್ಬರಿಗೂ ಒಂದೇ ಮಾಡಿತು, ಟೆಸ್ಟಿಗೆ 15 ಲಕ್ಷ ರೂಪಾಯಿ. ಆಕಾಶವೇನೂ ಕಳಚಿ ಬೀಳಲಿಲ್ಲ.

ಇಷ್ಟೆಲ್ಲ ನ್ಯಾಯ ಹೇಳುವ ನಾನು ಯಾರು ಎಂಬುದನ್ನೂ ಹೇಳಿಬಿಡಬೇಕು. 1987ರಲ್ಲಿ ಪೀಣ್ಯದ ಎರಡನೆಯ ಹಂತದ ಒಂದು ಸಣ್ಣ ಕಾರ್ಖಾನೆಯಲ್ಲಿ ಸಂಬಳದ ಪಟ್ಟಿ ಬರೆಯುವ ಗುಮಾಸ್ತ ನಾನು. ತಪಾಸಣೆಯ ಮೇಜಿನಲ್ಲಿ ಗಂಡಸರೂ ಹೆಂಗಸರೂ ಕೂರುತ್ತಿದ್ದರು. ಇಬ್ಬರ ಕೈಯಲ್ಲೂ ಒಂದೇ ಬಗೆಯ ಪ್ಲಗ್ ಗೇಜು. ಅದರ ಒಂದು ತುದಿ ರಂಧ್ರದೊಳಗೆ ಹೋಗಬೇಕು, ಇನ್ನೊಂದು ಹೋಗಕೂಡದು. ಹಾಗಾದರೆ ಮಾಲು ಪಾಸು. ಸಮಾನ ವೇತನದ ಕಾಯಿದೆ 1976ರಲ್ಲಿಯೇ ಬಂದಿತ್ತು. ಆದ್ದರಿಂದ ನಮ್ಮ ಪಟ್ಟಿಯಲ್ಲಿ ಗಂಡಸರು 'ಇನ್‌ಸ್ಪೆಕ್ಟರ್', ಹೆಂಗಸರು 'ಸಹಾಯಕಿ'. ಹೆಸರು ಬೇರೆಯಾದರೆ ಕೆಲಸವೂ ಬೇರೆ, ಸಂಬಳವೂ ಬೇರೆ. ಯುಕ್ತಿ ಯಜಮಾನರದು, ದುಂಡಗಿನ ಅಕ್ಷರ ನನ್ನದು.

ಒಂದು ಸಂಬಳದ ದಿನ ಅವರಲ್ಲೊಬ್ಬಳು ಗೇಜನ್ನು ತಂದು ನನ್ನ ಮೇಜಿನ ಮೇಲಿಟ್ಟಳು.

"ಸಾರ್, ಇದು ನಾನು ಹಿಡಿದ್ರೆ ಒಂದು ಅಳತೆ, ಅವರು ಹಿಡಿದ್ರೆ ಒಂದು ಅಳತೆ ತೋರಿಸುತ್ತಾ?"

"ಗಂಡಸರು ಭಾರ ಎತ್ತುತ್ತಾರಮ್ಮ" ಎಂದೆ.

ಪೆಟ್ಟಿಗೆ ಎತ್ತುತ್ತಿದ್ದವರು ಹಮಾಲಿಗಳು. ತಪಾಸಣೆಯವರಲ್ಲಿ ಯಾರೂ ಏನನ್ನೂ ಎತ್ತುತ್ತಿರಲಿಲ್ಲ. ಅದು ಆಕೆಗೆ ಗೊತ್ತಿತ್ತು, ನನಗೂ ಗೊತ್ತಿತ್ತು. ಮರುಮಾತಾಡದೆ ಸಹಿ ಹಾಕಿ, ಕವರಿನ ಹಣವನ್ನು ಎರಡು ಸಲ ಎಣಿಸಿಕೊಂಡು ಹೋದಳು. ಗೇಜು ನನ್ನ ಮೇಜಿನ ಮೇಲೆಯೇ ಉಳಿಯಿತು. ಸಂಜೆ ಅದನ್ನು ಸ್ಟೋರಿಗೆ ಒಪ್ಪಿಸಿ, ರಸೀದಿ ಪಡೆದುಕೊಂಡೆ.